ಮೀಟರ್ ನೋಡಬ್ಯಾಡ್ರಿ, ರಬ್ಬರ್ ನೋಡ್ರಿ

"ಡಾಕ್ಟರ್ ಓಡಿಸಿದ ಗಾಡಿ ರೀ, ಬರೇ 46 ಸಾವಿರ ಆಗೇತಿ."

ಹಳೇ ಗಾಡಿ ಮಾರೋರು ಹಿಂಗ ಅಂದ ಕೂಡಲೇ ಕೊಳ್ಳಾಕ ಹೋದೋರ ಕಣ್ಣು ಅರಳ್ತಾವ. ನನಗ ಅಲ್ಲಿಂದನ ಸಂಶಯ ಶುರು. 2004-05ರ ಗಾಡಿ 46 ಸಾವಿರ ಓಡೇತಿ ಅಂದ್ರ ವರ್ಷಕ್ಕ ಎರಡು-ಎರಡೂವರೆ ಸಾವಿರ ಕಿಲೋಮೀಟರ್ ಆತು. ಉಳಿದ ದಿನಾ ಎಲ್ಲಾ ಅದು ನಿಂತಿತ್ತು. ನಿಂತ ಗಾಡಿಯೊಳಗ ರಬ್ಬರ್ ಒಣಗ್ತೈತಿ, ಬ್ರೇಕ್ ಆಯಿಲ್ ನೀರು ಹೀರ್ತೈತಿ, ಟ್ಯಾಂಕಿನ ಪೆಟ್ರೋಲ್ ಹಳಸ್ತೈತಿ, ಬಾನೆಟ್ ಒಳಗ ಇಲಿ ಸಂಸಾರ ಹೂಡ್ತೈತಿ. ದಿನಾ ಹುಬ್ಬಳ್ಳಿ-ಧಾರವಾಡ ಓಡ್ಯಾಡಿ ಒಂದೂವರೆ ಲಕ್ಷ ದಾಟಿದ ಗಾಡಿ, ಸರ್ವಿಸ್ ಬಿಲ್ ಸಮೇತ ಸಿಕ್ರ, ನಾ ಅದನ್ನ ತಗೊಂತೀನಿ.

ಈಗ್ಯಾಕ ಈ ಮಾತು ಅಂದ್ರ, ನಮ್ಮ ಕಡೆ ಹುಡುಗರಿಗೆ ಹಳೇ ಟರ್ಬೊ (ಎಕ್ಸಾಸ್ಟ್ ಹೊಗಿಯ ಜೋರಿನಿಂದ ತಿರುಗಿ ಇಂಜಿನ್ನಿಗೆ ಗಾಳಿ ತುರುಕೋ ಪಂಪ್) ಇದ್ದ ಪೆಟ್ರೋಲ್ ಸೆಡಾನ್ ಹುಚ್ಚು ಹಿಡದೈತಿ. ಅದರಾಗೂ ಮೊದಲನೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಹುಚ್ಚು ಹಿಡದದ್ದು ತಪ್ಪಲ್ಲ. ಶಿಗ್ಗಾವಿ ದಾಟಿ ಹಾವೇರಿ ಕಡೆ ಹೊಂಟಾಗ ಮೂರನೇ ಗೇರಿನ್ಯಾಗ ಟರ್ಬೊ ಎದ್ದು ಸೀಟಿಗೆ ಬೆನ್ನು ಒತ್ತಿದ್ದು ಒಮ್ಮೆ ಅನುಭವಿಸಿದವಗ ಈಗಿನ ಮೂರು ಸಿಲಿಂಡರ್ ಗಾಡಿ ರುಚಿಸೂದಿಲ್ಲ. ನನಗೂ ರುಚಿಸಿಲ್ಲ, ಅದಕ್ಕ ಇವತ್ತಿಗೂ ಒಂದು ಇಟ್ಕೊಂಡೇನಿ.

ಇಂಜಿನ್ ಮಾತ್ರ ಗಟ್ಟಿಮುಟ್ಟು. 1.8 ಲೀಟರ್, ಕಬ್ಬಿಣದ ಬ್ಲಾಕ್, ಸಿಲಿಂಡರಿಗೆ 5 ವಾಲ್ವ್, ಒಟ್ಟು 20, 150 ಬಿಎಚ್‌ಪಿ. ಯುರೋಪಿನ ಆರ್‌ಎಸ್ ಇದೇ 1.8 ಟರ್ಬೊದಿಂದ 180 ತಗೀತಿತ್ತು, ಅಂದ್ರ ನಮ್ಮಲ್ಲಿಯ ಗಾಡಿಗೆ ಬಿದ್ದ ಭಾರ ಕಮ್ಮಿನ. ಕಬ್ಬಿಣ ಕೈಕೊಡೂದಿಲ್ಲ. ಕೈಕೊಡೂದು ಅದರ ಸುತ್ತ ಇರೋ ರಬ್ಬರ್, ಪ್ಲಾಸ್ಟಿಕ್. ಇವಕ್ಕ ಕಿಲೋಮೀಟರ್ ಲೆಕ್ಕ ಇಲ್ಲ, ವರ್ಷದ ಲೆಕ್ಕ.

ಮೊನ್ನೆ ಗೆಳೆಯಾ ಒಬ್ಬ ನವಲೂರ ಕಡೆ ಒಂದು ಗಾಡಿ ನೋಡಾಕ ಕರ್ಕೊಂಡು ಹೋಗಿದ್ದ. ಬೇವಿನ ಗಿಡದ ಕೆಳಗ ನಿಂತಿತ್ತು. ಪೇಂಟ್ ಥಳಥಳ, ಒಳಗ ಸೀಟ್ ಒಂದೂ ಹರಿದಿಲ್ಲ. ಟೈರಿನ ಬಟನ್ ಹೊಸಾದರಂಗನ ಇದ್ದುವು, ಸವದಿರಲಿಲ್ಲ. ಬಗ್ಗಿ ಪಕ್ಕದ ನಂಬರ್ ನೋಡಿದ್ರ 2313, ಅಂದ್ರ 2013ರ 23ನೇ ವಾರದಾಗ ತಯಾರಾದ ಟೈರ್. ಬಾನೆಟ್ ಎತ್ತಿ, ಇಂಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹಂಚೋ ಕೊಳವಿ) ಕೆಳಗಿನ ಬ್ರೀದರ್ ಪೈಪಿಗೆ, ಅಂದ್ರ ಇಂಜಿನ್ ಒಳಗಿನ ಆವಿ ಹೋಗೋ ರಬ್ಬರ್ ಪೈಪಿಗೆ, ಬೆರಳು ಹಚ್ಚಿದೆ. ಹಪ್ಪಳ ಮುರದಂಗ ಮುರೀತು, ತುಂಡು ಕೈಯಾಗ ಬಂತು. ಮಾಲಕರಿಗೆ ಕೇಳಿದೆ, "ಕಾಕಾ, ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸೀರಿ?"

"ಲಕ್ಷಕ್ಕ ಹಾಕಸ್ತಾರಲ್ಲಪಾ, ಇನ್ನ ಅರ್ಧಾನೂ ಆಗಿಲ್ಲ."

ಅಂದ್ರ 20 ವರ್ಷದ ಬೆಲ್ಟ್! ಪಿಸ್ಟನ್, ವಾಲ್ವ್ ಎರಡನ್ನೂ ಒಂದ ತಾಳಕ್ಕ ನಡಸೋ ರಬ್ಬರ್ ಪಟ್ಟಿ ಅದು. ಈ ಇಂಜಿನ್ನಿನ್ಯಾಗ ಬೆಲ್ಟ್ ಹರೀತಂದ್ರ ಪಿಸ್ಟನ್ ಮ್ಯಾಲ ಬಂದು ವಾಲ್ವಿಗೆ ಹೊಡೀತೈತಿ, ವಾಲ್ವ್ ಬಾಗ್ತಾವ, ಹೆಡ್ ಇಳಸಬೇಕು. ಆ ಖರ್ಚು ಕೇಳಿದ್ರ ಗಾಡಿಗೆ ಕೊಟ್ಟ ರೇಟ್ ನೆನಪಾಗ್ತೈತಿ. ಬೆಲ್ಟಿನ ಕೂಡ ಅದನ್ನ ಬಿಗಿ ಹಿಡಿಯೋ ಟೆನ್ಷನರ್, ವಾಟರ್ ಪಂಪ್ ಎರಡೂ ಹಾಕಸ್ರಿ. ಪಂಪ್ ತಿರುಗಸೋದು ಅದೇ ಬೆಲ್ಟ್, ಬಿಚ್ಚೋ ಮಜೂರಿನೂ ಒಂದ. ಇನ್ನೊಂದು ಮಾತೈತಿ: ಮೊದಲಿನ ಪಂಪಿನೊಳಗಿನ ಇಂಪೆಲ್ಲರ್ (ಕೂಲಂಟ್ ತಳ್ಳೋ ರೆಕ್ಕಿ) ಪ್ಲಾಸ್ಟಿಕ್ಕಿಂದು. ಅದು ಸೀಳಿದ್ರ ಹೊರಗಿನಿಂದ ಪಂಪ್ ಸರಿ ಕಾಣ್ತೈತಿ, ಒಂದು ಹನಿ ಸೋರೂದಿಲ್ಲ, ಆದ್ರ ಒಳಗ ಕೂಲಂಟ್ ತಿರುಗೂದಿಲ್ಲ. ಏಪ್ರಿಲ್ ಬಿಸಿಲಾಗ ಟೆಂಪರೇಚರ್ ಮುಳ್ಳು ಏರಿದ್ರ ರೇಡಿಯೇಟರ್ ತೊಳಸಿ, ಥರ್ಮೋಸ್ಟ್ಯಾಟ್ ಬದಲಿಸಿ ಕುಂದರೋ ಬದಲಿ ಪಂಪ್ ಬಿಚ್ಚಿ ನೋಡ್ರಿ. ಹೊಸಾ ಪಂಪ್ ಲೋಹದ ಇಂಪೆಲ್ಲರಿಂದು ತಗೋರಿ.

ಪೈಪಿನ ವಿಚಾರ ಇನ್ನೂ ಕಾಡ್ತೈತಿ. ನಮ್ಮ ಪೈಕಿ ಒಬ್ಬರ ಗಾಡಿಯೊಳಗ ಚೆಕ್ ಇಂಜಿನ್ ಲೈಟ್ ಬಂತು, ಐಡ್ಲಿಂಗಿನ್ಯಾಗ ಆರ್‌ಪಿಎಂ ಏರಿಳೀತಿತ್ತು. ಊರಾಗಿನ ಒಂದು ಗ್ಯಾರೇಜಿನ್ಯಾಗ ಸ್ಕ್ಯಾನರ್ ಹಚ್ಚಿದ್ರು, ಪಿ0171 ಅಂತ ಬಂತು. ಮಿಕ್ಸ್ಚರಿನ್ಯಾಗ ಗಾಳಿ ಹೆಚ್ಚಾಗೇತಿ ಅಂತ ಅದರ ಅರ್ಥ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಬದಲಿಸಿದ್ರು, ಲೈಟ್ ಹೋತು, ಮತ್ತ ಬಂತು. ಏರ್ ಮಾಸ್ ಸೆನ್ಸರ್ ಹಾಕಿದ್ರು, ಮತ್ತ ಬಂತು. ಸೆನ್ಸರ್ ಎರಡೂ ಖರೇನ ಹೇಳ್ತಿದ್ವು, ಸೋರ್ತಿದ್ದದ್ದು ಒಂದು ಸಣ್ಣ ಪೈಪ್. ಕೋಡ್ ತೋರಿಸಿದ್ದು ರೋಗದ ಲಕ್ಷಣ, ಅದನ್ನ ನೋಡಿ ಪಾರ್ಟ್ ಹಾಕ್ಕೋಂತ ಹೋಗೋದನ್ನ ನಾ ರಿಪೇರಿ ಅನ್ನೂದಿಲ್ಲ. ಇಂಟೇಕಿನೊಳಗ ಹೊಗಿ ತುಂಬಿ, ಎಲ್ಲಿಂದ ಹೊರಗ ಬರ್ತೈತಿ ಅಂತ ನೋಡಿದ್ರ ಮುಗೀತು. ಅದಕ್ಕ ಸ್ಮೋಕ್ ಟೆಸ್ಟ್ ಅಂತಾರ. ಟರ್ಬೊ ಒತ್ತಡ ಕಮ್ಮಿ ಆಗೇತಿ ಅನಿಸಿದ್ರೂ ಮೊದಲು ಪೈಪ್, ಆಮ್ಯಾಲ ಡೈವರ್ಟರ್ ವಾಲ್ವಿನ (ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಗಾಳಿ ತಿರುಗಿಸೋ ವಾಲ್ವ್) ರಬ್ಬರ್ ಪರದಿ ಡಯಾಫ್ರಮ್ ನೋಡ್ರಿ. ಟರ್ಬೊಕ್ಕ ಕೈ ಹಾಕೋದು ಕಡೀಗೆ.

ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ ನಾಕು ಇರ್ತಾವ. ಡಿಕ್ಕಿಯೊಳಗ ಒಂದು ಹೆಚ್ಚಿಂದು ಇಟ್ಕೋರಿ. ಚೆಕ್ ಲೈಟ್ ಮಿಣಮಿಣ ಮಿನುಗಿ ಗಾಡಿ ನಡುಗಿದ್ರ ಹಂಗ ಓಡಸಬ್ಯಾಡ್ರಿ, ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡ್ತೈತಿ.

ಆಯಿಲಿನ ವಿಷಯದಾಗ ನಾ ಸ್ವಲ್ಪ ಹಠಮಾರಿ. ಫುಲ್ ಸಿಂಥೆಟಿಕ್ 5ಡಬ್ಲ್ಯೂ-40, ಡಬ್ಬಿ ಮ್ಯಾಲ ಫೋಕ್ಸ್‌ವ್ಯಾಗನ್ 502.00 ಅಂತ ಇರಬೇಕು. ಎಂಟು ಸಾವಿರ ಕಿಲೋಮೀಟರ್ ಇಲ್ಲಾ ಒಂದು ವರ್ಷ, ಯಾವುದು ಮೊದಲು ಬರ್ತೈತೋ ಅದು. ಟರ್ಬೊ ಬಿಸಿಗೆ ಆಯಿಲ್ ಸುಟ್ಟು ಗಸಿ ಆಗ್ತೈತಿ, ಆ ಗಸಿ ಸಂಪಿನೊಳಗಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಪಿಕಪ್ ಜಾಳಗಿಯನ್ನ ಮುಚ್ತೈತಿ, ಆಯಿಲ್ ಮ್ಯಾಲ ಬರೂದಿಲ್ಲ, ಮೊದಲ ಸಾಯೋದು ಟರ್ಬೊ. ಮನಿಯಿಂದ ಆಫೀಸ್, ಆಫೀಸಿಂದ ಮನಿ ಅಂತ ಬರೇ ಸಣ್ಣ ಓಡಾಟದ ಗಾಡಿಗೆ ಈ ಗಸಿ ಕಾಟ ಜಾಸ್ತಿ, ಆಯಿಲ್ ಪೂರ್ತಿ ಬಿಸಿನ ಆಗದ ಅದರೊಳಗ ಸೇರಿದ ನೀರು ಆವಿ ಆಗಿ ಹೋಗೂದಿಲ್ಲ. ಇನ್ನ ಹೈವೇದಾಗ ಜೋರು ಬಂದು ತಡಸದ ಢಾಬಾ ಮುಂದ ಗಕ್ಕನ ಬಂದ್ ಮಾಡಬ್ಯಾಡ್ರಿ, ಟರ್ಬೊ ತಣ್ಣಗಾಗಾಕ ಒಂದು ನಿಮಿಷ ಚಾಲೂ ಇರಲಿ. ಹುಬ್ಬಳ್ಳಿ ಧೂಳಿಗೆ ಏರ್ ಫಿಲ್ಟರ್ ಎಷ್ಟು ಲಗೂ ತುಂಬ್ತೈತಿ ಅನ್ನೋದು ನಿಮಗ ನಾ ಹೇಳಬೇಕಾಗಿಲ್ಲ.

ಇದ್ಯಾವುದೂ ಮಾಡಸದ ಮೊದಲ ರೀಮ್ಯಾಪ್ (ಪವರ್ ಹೆಚ್ಚಸಾಕ ಇಂಜಿನ್ ಕಂಪ್ಯೂಟರಿನ ಸೆಟಿಂಗ್ ಬದಲಿಸೋದು) ಮಾಡಸ್ತೀನಿ ಅನ್ನೋರು ಅದಾರ. ಅವರ ಕೂಡ ವಾದ ಮಾಡೋದು ಬಿಟ್ಟೇನಿ.

ಈಗ ಇ20, ಅಂದ್ರ ನೂರಕ್ಕ 20 ಪಾಲು ಎಥನಾಲ್ ಬೆರಸಿದ ಪೆಟ್ರೋಲ್ ಬಂದ ಮ್ಯಾಲ ರಬ್ಬರಿನ ಮಾತು ಇನ್ನೂ ಗಂಭೀರ ಆಗೇತಿ. ಆಕ್ಟೇನ್ ಹೆಚ್ಚೈತಿ, ಟರ್ಬೊಕ್ಕ ಅದು ಛಲೋನ. ಆದ್ರ ಹಳೇ ಗಾಡಿಯೊಳಗ ಕೆಲವು ರಬ್ಬರ್ ಪಾರ್ಟ್, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ 2025ರಾಗ ಪೆಟ್ರೋಲಿಯಂ ಸಚಿವಾಲಯನ ಹೇಳೇತಿ. ಎಥನಾಲ್ ನೀರು ಎಳಕೊಂತೈತಿ, ಅದಕ್ಕ ತಿಂಗಳುಗಟ್ಟಲೆ ನಿಲ್ಲೋ ಗಾಡಿಗೆ ಇದು ಎರಡನೇ ಪೆಟ್ಟು. ಎಥನಾಲ್ ಇದ್ದ ಪೆಟ್ರೋಲಿಗೆ ಇಸಿಯು (ಇಂಜಿನ್ ಕಂಪ್ಯೂಟರ್) ಮೊದಲಿಂದನ ಇಂಧನ ಹೆಚ್ಚು ಬಿಡತಿರ್ತೈತಿ, ಅದರ ಮ್ಯಾಲ ಒಂದು ಪೈಪ್ ಸೋರಿದ್ರ ಇಸಿಯು ಹೆಚ್ಚಿಗೆ ಬಿಡೋ ಮಿತಿ ಮುಗದು ಚೆಕ್ ಲೈಟ್ ಹತ್ತತೈತಿ. ಫ್ಯೂಯಲ್ ಲೈನಿನ ರಬ್ಬರ್ ಪೈಪ್ ಎಲ್ಲಾ ಒಮ್ಮೆ ಬದಲಿಸಿಬಿಡ್ರಿ. ಪೆಟ್ರೋಲ್ ವಾಸನಿ ಬಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಬೆಂಕಿ ಹತ್ತೋ ವಿಷಯ ಅದು.

ಖರ್ಚಿನ ಪಟ್ಟಿಗೆ ಆರ್‌ಸಿನೂ (ನೋಂದಣಿ ಪತ್ರ) ಸೇರಸ್ರಿ. 20 ವರ್ಷ ದಾಟಿದ ಕಾರಿನ ನವೀಕರಣ ಫೀ 2025ರಾಗ 10,000 ರೂಪಾಯಿ ಆಗೇತಿ, ಧಾರವಾಡದ ಕೆಎ-25 ಇರಲಿ, ಹುಬ್ಬಳ್ಳಿಯ ಕೆಎ-63 ಇರಲಿ. ಗಾಡಿಗೆ ಎಷ್ಟು ಕೊಡ್ತೀರೋ ಅದರ ಅರ್ಧದಷ್ಟು ರೊಕ್ಕ ಬೆಲ್ಟ್, ಪಂಪ್, ಪೈಪ್, ಟೈರ್, ಬುಷ್ ಅಂತ ಪಕ್ಕಕ್ಕ ಇಟ್ಟ ಮ್ಯಾಲ ಹೋಗಿ ರೇಟ್ ಮಾತಾಡ್ರಿ. ನವಲೂರ ಕಾಕಾಗೂ ಇದೇ ಲೆಕ್ಕ ಒಪ್ಪಿಸಿದ್ವಿ. ಸಿಟ್ಟಿಗೆದ್ರು, ಆದ್ರೂ ಚಹಾ ಕುಡಿಸಿ ಕಳಿಸಿದ್ರು. ಗೆಳೆಯಾ ಇನ್ನೂ ಚೌಕಾಸಿ ನಡಸ್ಯಾನ.

ಗದಗ, ಹಾವೇರಿ ಕಡೆ ಸ್ಮೋಕ್ ಟೆಸ್ಟ್ ಮಷಿನ್ ಇಟ್ಟ ಗ್ಯಾರೇಜ್ ಯಾರಿಗರ ಗೊತ್ತಿದ್ರ ಕೆಳಗ ಬರೀರಿ. ಭಾಳ ಮಂದಿ ಕೇಳಾಕತ್ತಾರ.