ಸೈಕಾಲಜಿ ಓದಿದವರು ಮನಸ್ಸನ್ನೂ ಓದುತ್ತಾರಾ?

"ಸೈಕಾಲಜಿ ಡಿಗ್ರಿ ಮಾಡಿದವರ ಹತ್ತಿರ ಸುಳ್ಳು ಹೇಳಬೇಡಿ, ಮುಖ ನೋಡಿಯೇ ಕಂಡುಹಿಡಿಯುತ್ತಾರೆ. ಲೆಕ್ಕ ಬಾರದವರಿಗೆ ಇದೇ ಸುಲಭದ ಕೋರ್ಸ್!" ಹೀಗೊಂದು ಮೆಸೇಜ್ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಎರಡು ಮಾತೂ ತಪ್ಪು.

ಮೊದಲು ಸುಳ್ಳಿನ ವಿಷಯ. 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು ಸುಳ್ಳು ಪತ್ತೆಹಚ್ಚುವ ಬಗ್ಗೆ ನಡೆದ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಯಾವುದು ನಿಜ, ಯಾವುದು ಸುಳ್ಳು ಎಂದು ಜನ ಸರಿಯಾಗಿ ಹೇಳಿದ್ದು ಸರಾಸರಿ ಶೇ. 54ರಷ್ಟು ಮಾತ್ರ. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ, ಅಲ್ವಾ? ಪರಿಣತರು ಎನಿಸಿಕೊಂಡವರೂ ಇದಕ್ಕಿಂತ ಜಾಸ್ತಿ ಸಾಧಿಸಲಿಲ್ಲ.

ಇನ್ನು ಲೆಕ್ಕ. ಈ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಮತ್ತು ಸಂಶೋಧನಾ ವಿಧಾನ ಸಾಮಾನ್ಯವಾಗಿ ಕಡ್ಡಾಯ. ಸುಲಭ ಅಂತ ಸೇರಿದವರು ಬೆವರುವುದು ಇಲ್ಲೇ! 1935ರ ಸ್ಟ್ರೂಪ್ ಪ್ರಯೋಗವನ್ನೇ ನೋಡಿ. 'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದಿರುತ್ತಾರೆ. ಪದ ಓದದೆ ಶಾಯಿಯ ಬಣ್ಣ ಹೇಳಬೇಕು. ನಾಲಿಗೆ ತಡವರಿಸುತ್ತದೆ, ಸಮಯ ಹೆಚ್ಚು ಹಿಡಿಯುತ್ತದೆ. ವಿದ್ಯಾರ್ಥಿಗಳು ಇಂಥ ಪ್ರಯೋಗಗಳನ್ನು ತಾವೇ ಮಾಡಿ, ಸಮಯ ಅಳೆದು, ಆ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬಂದಿರಬಹುದೇ ಎಂದು ಲೆಕ್ಕ ಹಾಕುತ್ತಾರೆ. ಜೊತೆಗೆ ನೆನಪು, ಕಲಿಕೆ, ಮೆದುಳು, ಮಕ್ಕಳ ಬೆಳವಣಿಗೆಯ ಪಾಠಗಳೂ ಇರುತ್ತವೆ.

ಹಾಗಂತ ಬರೀ ಈ ಡಿಗ್ರಿ ಹಿಡಿದು ಚಿಕಿತ್ಸೆಗೆ ಇಳಿಯುವಂತಿಲ್ಲ. ಮಾನಸಿಕ ಸಮಸ್ಯೆಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಮುಂದಿನ ಓದು ಮತ್ತು ಮೇಲ್ವಿಚಾರಣೆಯಲ್ಲಿ ತರಬೇತಿ ಬೇಕು. ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯ, ಆಗಬೇಕೆಂದರೆ ದಾರಿಯೇ ಬೇರೆ, ಮೊದಲು ವೈದ್ಯಕೀಯ ಓದಬೇಕು.