ಕೋಚ್ ಹುಡುಕಿಕೊಡುವವರಿಗೇ ಮೊದಲು ಪ್ರಶ್ನೆ ಕೇಳಿ

"ವೆಲ್‌ನೆಸ್ ಕೋಚ್ ಹುಡುಕಿಕೊಡ್ಲಿಕ್ಕೂ ಬ್ರೋಕರ್ ಇದ್ದಾರಂತೆ, ಹೌದಾ ಮಾರಾಯ್ರೆ?" ಎಂದು ಆಫೀಸಿನಲ್ಲಿ ಒಬ್ಬರು ನಗಾಡಿದರು. ಇದ್ದಾರೆ. ವೆಲ್‌ನೆಸ್ ಕೋಚ್ ಎಂದರೆ ಊಟ, ನಡಿಗೆ, ನಿದ್ದೆಯಂಥ ಅಭ್ಯಾಸ ಸರಿ ಮಾಡಿಕೊಳ್ಳಲು ಫೀಸು ತೆಗೆದುಕೊಂಡು ನಮ್ಮ ಬೆನ್ನಿಗೆ ನಿಲ್ಲುವವರು. ನಾನೂ ಬ್ರೋಕರ್ ಮೂಲಕವೇ ಹೋದವಳು. ನನ್ನ ಪ್ರಕಾರ ಕೋಚ್‌ಗಿಂತ ಮೊದಲು ನಾವು ಅಳೆದು ನೋಡಬೇಕಾದದ್ದು ಈ ಬ್ರೋಕರನ್ನೇ.

ಉಡುಪಿ, ಮಂಗಳೂರಿನಲ್ಲಿ ಈಗ ಕೋಚ್‌ಗಳಿಗೆ ಬರವಿಲ್ಲ. ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ ನೋಡಿದರೆ ಸಾಕು. ನಿನ್ನೆಯವರೆಗೆ ವಿಮೆ ಮಾಡಿಸಿ ಎನ್ನುತ್ತಿದ್ದವರು ಇವತ್ತು ಶೇಕ್ ಡಬ್ಬಿ ಹಿಡಿದು ನಿಂತಿರುತ್ತಾರೆ, ಕೆಳಗೆ 'ಸರ್ಟಿಫೈಡ್ ವೆಲ್‌ನೆಸ್ ಕೋಚ್'. ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೋಚ್ ಎಂದು ಬೋರ್ಡ್ ಹಾಕಲು ಮಾತ್ರ ನಮ್ಮಲ್ಲಿ ಯಾವ ಲೈಸೆನ್ಸೂ ಬೇಡ.

ಹಾಗಂತ ಕಲಿತು ಬಂದವರು ಇಲ್ಲವೇ ಇಲ್ಲ ಎಂದಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ 1995ರಲ್ಲೇ ಶುರುವಾದದ್ದು. ಅವರ ಮೊದಲ ಹಂತದ ಸರ್ಟಿಫಿಕೇಟಿಗೆ 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು, ಎರಡನೆಯದಕ್ಕೆ 500, ಮೇಲಿನದಕ್ಕೆ 2,500. ಅಮೆರಿಕದಲ್ಲಿ ಆರೋಗ್ಯ ಕೋಚ್‌ಗಳಿಗೆಂದೇ 2017ರಿಂದ ಒಂದು ಬೋರ್ಡ್ ಪರೀಕ್ಷೆ ನಡೆಯುತ್ತಿದೆ. ವಾರಾಂತ್ಯದ ಜೂಮ್ ಕ್ಲಾಸಿನ ಸರ್ಟಿಫಿಕೇಟಿಗೂ ಇದಕ್ಕೂ ಎಷ್ಟು ಅಂತರ ಎಂದು ನಮಗೆ ಹೇಗೆ ಗೊತ್ತಾಗಬೇಕು? ಪ್ರೊಫೈಲಿನಲ್ಲಿ ಎರಡೂ ಒಂದೇ ಥರ ಮಿಂಚುತ್ತವೆ.

ಹುಡುಕಿಕೊಡುವ ಸೇವೆಗೆ ಬೆಲೆ ಬರುವುದು ಇಲ್ಲೇ. ನಾವು ಅವರಿಗೆ ನಮ್ಮ ವಿಷಯ ಹೇಳಬೇಕು. ಅವರು ತಮ್ಮಲ್ಲಿರುವ ಕೋಚ್‌ಗಳಲ್ಲಿ ನಮಗೆ ಹೊಂದುವ ಇಬ್ಬರು ಮೂವರ ಹೆಸರು ಕೊಡುತ್ತಾರೆ. ಅವರೊಡನೆ ಒಂದೊಂದು ಸಲ ಪುಕ್ಕಟೆ ಮಾತಾಡಿ, ಸರಿ ಕಂಡವರನ್ನು ನಾವು ಆರಿಸಿಕೊಳ್ಳಬೇಕು. ಮದುವೆ ದಲ್ಲಾಳಿಗಳ ಕೆಲಸದ ಹಾಗೆಯೇ. ಒಳ್ಳೆಯ ದಲ್ಲಾಳಿ ಜಾತಕದ ಕಟ್ಟು ಬಿಚ್ಚುವ ಮೊದಲು ಮನೆಯ ಜಗಲಿಯಲ್ಲಿ ಕೂತು ಒಂದು ಗಂಟೆ ಸುಮ್ನೆ ಮಾತಾಡುತ್ತಾರೆ. ಕೆಟ್ಟವರು ಬಂದ ಕೂಡಲೇ ಫೋಟೊ ಹರಡುತ್ತಾರೆ.

ನನಗೆ ಇದರ ಗೊಡವೆ ಬಂದದ್ದು ಶುಗರ್‌ನಿಂದ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಗೆ. ಡಾಕ್ಟರು "ಮಾತ್ರೆ ಈಗ ಬೇಡ, ಊಟ ನೋಡಿಕೊಳ್ಳಿ, ನಡೆಯಿರಿ" ಎಂದರು. ಎಲ್ಲ ಗೊತ್ತಿದ್ದದ್ದೇ. ಮಾಡಿಸುವವರು ಯಾರು?

ಮೊದಲು ಆನ್‌ಲೈನಿನಲ್ಲಿ ಒಂದು ಕಂಪನಿಯ ಪ್ಯಾಕೇಜ್ ತೆಗೆದುಕೊಂಡಿದ್ದೆ. ಫಾರ್ಮ್ ತುಂಬಿದ ಹತ್ತು ನಿಮಿಷದಲ್ಲಿ ಕೋಚ್ ಹಾಜರ್. ಉತ್ತರದ ಯಾವುದೋ ಊರಿನ ಚಿಕ್ಕ ಹುಡುಗ, ಪಾಪ, ಒಳ್ಳೆಯವನೇ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದ. ಜುಲೈ ತಿಂಗಳು, ಉಡುಪಿ! ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಕೊಡೆ ಮಗುಚಿಕೊಳ್ಳುತ್ತಿತ್ತು, ನಮ್ಮ ಓಣಿಯಲ್ಲಿ ಪಾದ ಮುಳುಗುವಷ್ಟು ನೀರು. ಆ್ಯಪ್ ಮಾತ್ರ ರಾತ್ರಿ ಒಂಬತ್ತಕ್ಕೆ 'ಇವತ್ತು ಹಿಂದೆ ಬಿದ್ದಿದ್ದೀರಿ' ಎಂದು ಕೆಂಪು ಗುರುತು ತೋರಿಸುತ್ತಿತ್ತು. (ಈ ಹತ್ತು ಸಾವಿರ ಯಾವ ಡಾಕ್ಟರೂ ಕಂಡುಹಿಡಿದದ್ದಲ್ಲ, ಗೊತ್ತಾ? 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಅದಕ್ಕೆ ಇಟ್ಟ ಹೆಸರಿನಿಂದ ಬಂದ ಲೆಕ್ಕ.) ಊಟದ ಪಟ್ಟಿಯಲ್ಲಿ ಕಿನೋವಾ ಇತ್ತು. ಕುಚ್ಚಲಕ್ಕಿ ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಗಂಜಿ ಕಾಯಿಲೆಯವರ ಊಟ ಅಲ್ವಾ ಎಂದು ಕೇಳಿದ. ಅವನ ತಪ್ಪಲ್ಲ. ನನಗೂ ಅವನಿಗೂ ಗಂಟು ಹಾಕಿದವರು ಯಾರೂ ಒಂದು ಮಾತು ಕೇಳಿರಲಿಲ್ಲ.

ಎರಡನೇ ಸಲ ಹುಡುಕಿಕೊಡುವ ಸೇವೆಗೆ ಹೋದೆ. ಅಲ್ಲಿಯ ಹೆಂಗಸು ಫೋನ್ ಮಾಡಿ ಅರ್ಧ ಗಂಟೆಗಿಂತ ಜಾಸ್ತಿ ಮಾತಾಡಿದರು. ತೂಕ ಎಷ್ಟು ಎಂಬುದು ಕೊನೆಗೆ ಬಂತು. ಮೊದಲು ಕೇಳಿದ್ದು ಮನೆಯಲ್ಲಿ ಅಡುಗೆ ಯಾರದ್ದು, ರಾತ್ರಿ ಎಷ್ಟು ಗಂಟೆಗೆ ಎಲೆ ಹಾಕುತ್ತೀರಿ, ಹಿಂದೆ ಏನೇನು ಶುರು ಮಾಡಿ ಎಲ್ಲಿ ಬಿಟ್ಟಿರಿ, ಡಾಕ್ಟರು ಏನು ಹೇಳಿದ್ದಾರೆ, ಯಾವ ಮಾತ್ರೆ ತಿನ್ನುತ್ತೀರಿ. ಆಮೇಲೆ ಒಂದು ಪ್ರಶ್ನೆ: "ನಿಮಗೆ ಯಾವ ಭಾಷೆಯಲ್ಲಿ ಸುಳ್ಳು ಹೇಳ್ಲಿಕ್ಕೆ ಕಷ್ಟ?" ನಗು ಬಂತು. ತುಳುವಿನಲ್ಲಿ ಎಂದೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ 'ನಿನ್ನೆ ಅರ್ಧ ಗಂಟೆ ನಡೆದೆ' ಎಂದು ಸಲೀಸಾಗಿ ಬಿಡಬಹುದು. ತುಳುವಿನಲ್ಲಿ ಹೇಳುವಾಗ ಅಮ್ಮ ಎದುರು ಕೂತ ಹಾಗೆ ಆಗುತ್ತದೆ.

ಅವರು ಕೊಟ್ಟ ಹೆಸರುಗಳಲ್ಲಿ ಒಬ್ಬರ ಬಳಿ ದೊಡ್ಡ ದೊಡ್ಡ ಸರ್ಟಿಫಿಕೇಟ್ ಇತ್ತು. ಮಾತಾಡಿದ ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಅವರದ್ದೇ ಕಥೆ. ಇನ್ನೊಬ್ಬರು ಪುತ್ತೂರಿನ ಕಡೆಯವರು, ಈಗ ಪುಣೆಯಲ್ಲಿ ಇರುವುದು. ಅವರು ಅನ್ನದ ಸುದ್ದಿಗೇ ಬರಲಿಲ್ಲ. "ಸಂಜೆ ಐದರಿಂದ ಏಳರವರೆಗೆ ಏನಾಗ್ತದೆ?" ಎಂದು ಕೇಳಿದರು. ಆಗುವುದು ಗೋಳಿಬಜೆ. ಆಫೀಸಿನ ಎದುರಿನ ಕ್ಯಾಂಟೀನಿನಲ್ಲಿ ನಾಲ್ಕೂವರೆಗೆ ಮೊದಲ ಬಾಣಲೆ ಏರುತ್ತದೆ, ಒಬ್ಬರು ಹೋದರೆ ಎಲ್ಲರಿಗೂ ಪೊಟ್ಟಣ ಬರುತ್ತದೆ. ಬಿಡಿ ಎನ್ನುತ್ತಾರೆ ಎಂದು ಕಾದೆ. "ಯಾವ ದಿನದ ಬಜೆ ನಿಮಗೆ ನಿಜವಾಗ್ಲೂ ಬೇಕಾಗಿ ತಿನ್ನುವುದು, ಯಾವ ದಿನ ಪೊಟ್ಟಣ ಮೇಜಿನ ಮೇಲೆ ಉಂಟು ಅಂತ ತಿನ್ನುವುದು?" ಎಂದರು. ಯೋಚಿಸಿದರೆ ಶನಿವಾರದ್ದು ಮಾತ್ರ ಆಸೆಯಿಂದ ತಿನ್ನುವುದು. ಉಳಿದದ್ದು ಕೈ ತಾನಾಗಿ ಹೋಗುವುದು. ಶನಿವಾರದ್ದು ಉಳಿಯಿತು. ನಿಜವಾದ ಕೋಚ್‌ನ ಕೆಲಸ ಇದೇ. ಡಾಕ್ಟರು ಏನು ಮಾಡಬೇಕು ಎನ್ನುತ್ತಾರೆ. ಅದನ್ನು ನಮ್ಮ ದಿನದೊಳಗೆ ಎಲ್ಲಿ ತುರುಕಬಹುದು ಎಂದು ನಮ್ಮ ಬಾಯಿಂದಲೇ ಹೊರಡಿಸುವವರು ಕೋಚ್.

ಇನ್ನು ನಮ್ಮ ಕಡೆಯ ಒಂದು ತಾಪತ್ರಯ ಹೊರಗಿನವರಿಗೆ ಅರ್ಥವೇ ಆಗುವುದಿಲ್ಲ. ನಾಲ್ಕು ಕಿಲೋ ಇಳಿದರೆ ಸಾಕು, "ಎಂತ, ಸಪೂರ ಆಗಿದ್ದೀರಿ, ಹುಷಾರಿಲ್ವಾ?" ಎಂದು ಶುರು. ಬೇಸಿಗೆಯಲ್ಲಿ ಮದುವೆ, ಬ್ರಹ್ಮಕಲಶ, ಕೋಲ ಒಂದರ ಹಿಂದೆ ಒಂದು. ಬಾಳೆಲೆಗೆ ಕೈ ಅಡ್ಡ ಹಿಡಿದರೂ ಪಾಯಸ ಬೀಳುತ್ತದೆ, ಬಡಿಸುವವರು ದೊಡ್ಡಪ್ಪನೇ ಆದರೆ ಎರಡು ಸೌಟು. ಇದನ್ನು ವಿವರಿಸದೆ ಅರ್ಥವಾಗುವ ಕೋಚ್ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ದುಡ್ಡಿನ ವಿಷಯ. ಹುಡುಕಿಕೊಡುವವರನ್ನು ನಾಚಿಕೆ ಬಿಟ್ಟು ಕೇಳಿ: ನಿಮಗೆ ಹಣ ಕೊಡುವುದು ಯಾರು? ಕೆಲವರು ನಮ್ಮಿಂದ ಒಂದು ಫೀಸು ತೆಗೆದುಕೊಳ್ಳುತ್ತಾರೆ. ಕೆಲವರಿಗೆ ಪಟ್ಟಿಯಲ್ಲಿ ಹೆಸರು ಹಾಕಿಸಲು ಕೋಚ್‌ಗಳೇ ಕೊಡುತ್ತಾರೆ. ಕೆಲವರಿಗೆ ನಾವು ತೆಗೆದುಕೊಂಡ ಪ್ಯಾಕೇಜಿನಲ್ಲಿ ಕಮಿಷನ್. 'ನಿಮಗೆ ಪೂರ್ತಿ ಉಚಿತ' ಎಂದರೆ ಕೋಚ್ ಕೊಡುತ್ತಿದ್ದಾರೆ ಎಂದೇ ಲೆಕ್ಕ. ಕಮಿಷನ್ ತಪ್ಪು ಎನ್ನುವುದಿಲ್ಲ, ಅವರೂ ಬದುಕಬೇಕು. ಆದರೆ ಪ್ಯಾಕೇಜ್ ದೊಡ್ಡದಾದಷ್ಟು ಕಮಿಷನ್ ದೊಡ್ಡದಾದರೆ, ಅವರ ಸಲಹೆ ಆರು ತಿಂಗಳ ಕಡೆಗೇ ವಾಲುತ್ತದೆ. ನನಗೆ ಸಿಕ್ಕಿದವರು, ಮೊದಲ ತಿಂಗಳ ಫೀಸಿನಲ್ಲಿ ಕೋಚ್ ನಮಗೆ ಪಾಲು ಕೊಡ್ತಾರೆ ಎಂದು ನೇರ ಹೇಳಿದರು. ಹಾಗಾಗಿ ತಿಂಗಳು ತಿಂಗಳಿಗೆ ಕಟ್ಟುವ ಒಪ್ಪಂದ ಮಾಡಿಕೊಂಡೆ. ಹೊಂದದಿದ್ದರೆ ಬದಲಿಸಿ ಕೊಡ್ತೀರಾ ಎಂದೂ ಕೇಳಿಟ್ಟುಕೊಳ್ಳಿ. ರಕ್ತ ಪರೀಕ್ಷೆಯ ರಿಪೋರ್ಟನ್ನು ಈ ಹಂತದಲ್ಲಿ ಯಾರಿಗೂ ವಾಟ್ಸಾಪ್ ಮಾಡಬೇಡಿ. ಬೇಕಾದರೆ ಬಾಯಲ್ಲಿ ಹೇಳಿದರೆ ಸಾಕು.

ಹಣಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದು. ಅವರು ಯಾರನ್ನಾದರೂ 'ನಿಮಗೆ ಕೋಚ್ ಬೇಡ' ಎಂದು ವಾಪಸ್ ಕಳಿಸುತ್ತಾರಾ? ನನ್ನ ಗೆಳತಿಯೊಬ್ಬಳು ನಿದ್ದೆ ಸರಿ ಮಾಡಿಕೊಳ್ಳಲು ಕೋಚ್ ಬೇಕು ಎಂದು ಅದೇ ಸೇವೆಗೆ ಫೋನ್ ಮಾಡಿದಳು. ಮಾತಿನ ನಡುವೆ, ತಿಂಗಳುಗಟ್ಟಲೆ ಬೆಳಗ್ಗಿನ ಜಾವ ಮೂರಕ್ಕೆ ಎಚ್ಚರವಾಗಿ ಅಳು ಬರುತ್ತದೆ ಎಂದಳಂತೆ. ಅವರು ಯಾರ ಹೆಸರನ್ನೂ ಕೊಡಲಿಲ್ಲ. ಮೊದಲು ಮನೋವೈದ್ಯರನ್ನು ನೋಡಿ ಎಂದು ಹೇಳಿ, ಟೆಲಿ ಮಾನಸ್‌ನ 14416 ನಂಬರ್ ಕೊಟ್ಟರು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಕೈಗೆ ಬಂದ ಗಿರಾಕಿಯನ್ನು ಬಿಟ್ಟುಕೊಟ್ಟ ಆ ಹೆಂಗಸಿನ ಮೇಲೆ ನನಗೆ ಗೌರವ ಬಂದದ್ದು ಅವತ್ತು.

ಇದಕ್ಕೆ ವಿರುದ್ಧ, ಯಾವ ಕೋಚ್ ಆದರೂ ಮಾತ್ರೆ ನಿಲ್ಲಿಸಿ, ಶುಗರ್ ಬುಡಸಮೇತ ಕಿತ್ತು ಹಾಕ್ತೇನೆ ಎಂದರೆ ಫೋನ್ ಇಟ್ಟುಬಿಡಿ. ಔಷಧಿಯಿಂದ ಸಕ್ಕರೆ ಕಾಯಿಲೆ, ಬೊಜ್ಜು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ತಡೆದಿದೆ. ತಮ್ಮನ್ನು ಆರೋಗ್ಯ ತಜ್ಞರು ಎಂದು ಬಿಂಬಿಸಿಕೊಳ್ಳುವ ಇನ್‌ಫ್ಲುಯೆನ್ಸರ್‌ಗಳು, ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ತಿಳಿಸಬೇಕು ಎಂದು ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಸೂಚನೆ ಕೊಟ್ಟಿದೆ. ಎಷ್ಟು ಜನ ಪಾಲಿಸುತ್ತಾರೆ ಎಂದು ನಿಮ್ಮ ಫೋನಿನಲ್ಲೇ ನೋಡಿಕೊಳ್ಳಿ.

"ಇಷ್ಟಕ್ಕೆಲ್ಲ ದುಡ್ಡು ಯಾಕೆ? ಕದ್ರಿ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೆ ಆಗ್ಲಿಕ್ಕಿಲ್ವಾ?" ಎನ್ನುವವರ ಮಾತೂ ಸರಿಯೇ. ಜೊತೆಗೆ ನಡೆಯಲು ಒಬ್ಬ ಗೆಳತಿ ಇದ್ದು, ಅವಳು ಬಾಗಿಲಲ್ಲಿ ನಿಂತು ಕರೆದರೆ ನೀವು ಎದ್ದು ಹೋಗುವವರಾದರೆ, ನಿಮಗೆ ಕೋಚೂ ಬೇಡ, ಹುಡುಕಿಕೊಡುವವರೂ ಬೇಡ. ಮಲ್ಪೆ, ಪಣಂಬೂರು, ಮಣಿಪಾಲದ ಎಂಡ್ ಪಾಯಿಂಟ್, ನಡೆಯಲು ಜಾಗಕ್ಕೆ ನಮ್ಮಲ್ಲಿ ಕೊರತೆ ಎಂತದ್ದು? ಊಟದ ಲೆಕ್ಕ ಮಾತ್ರ ಬೇಕಾದರೆ ಆಸ್ಪತ್ರೆಯ ಡಯಟಿಷಿಯನ್ ಸಾಕು. ಗೊತ್ತಿದ್ದೂ ಮಾಡಲಾಗದೆ ಕೂತವರಿಗೆ ಮಾತ್ರ ನಾನು ಇದನ್ನು ಹೇಳುತ್ತಿರುವುದು.

ನಮ್ಮ ಯಜಮಾನರಿಗೂ ಈಗ ಕೋಚ್ ಬೇಕೆಂದು ಮನಸ್ಸಾಗಿದೆ. ಅಂಗಡಿ ಬಾಗಿಲು ಹಾಕುವಾಗ ರಾತ್ರಿ ಒಂಬತ್ತೂವರೆ, ಇಂಗ್ಲಿಷ್ ಮಾತು ಬೇಡ, ಕೋಚ್ ಗಂಡಸೇ ಆಗಬೇಕು. ಅದೇ ಸೇವೆಗೆ ಫೋನ್ ಮಾಡಿದೆವು. ಅವರು ಎಲ್ಲ ಕೇಳಿ, ಎರಡು ದಿನ ಬಿಟ್ಟು ತಿರುಗಿ ಫೋನ್ ಮಾಡಿ, "ಆ ಹೊತ್ತಿಗೆ ಮಾತಾಡುವವರು, ಅಂಗಡಿ ಬದುಕು ಗೊತ್ತಿರುವವರು ಸದ್ಯ ನಮ್ಮಲ್ಲಿ ಯಾರೂ ಇಲ್ಲ. ಸಿಕ್ಕಿದರೆ ಹೇಳ್ತೇವೆ, ಅಲ್ಲಿವರೆಗೆ ಫೀಸು ಕಟ್ಟಬೇಡಿ" ಎಂದರು. ಯಾರದ್ದೋ ಒಂದು ಹೆಸರು ಕೊಟ್ಟು ಕೈ ತೊಳೆದುಕೊಂಡಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ.