ಅಡ್ಡ ನಿಂತವನು

"ಸಾರ್, ಸ್ವಲ್ಪ ಪಕ್ಕಕ್ಕೆ."

ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆಂದು ಲಾಲ್‌ಬಾಗಿಗೆ ಹೋಗಿದ್ದೆ. ಗೇಟಿನಿಂದ ಗಾಜಿನ ಮನೆ ತಲುಪುವಷ್ಟರಲ್ಲಿ ಈ ಮಾತನ್ನು ಹನ್ನೊಂದು ಸಲ ಕೇಳಿದೆ. ಲೆಕ್ಕ ಇಟ್ಟಿದ್ದೇನೆ ಅಂದರೆ ಎಷ್ಟು ಉರಿದಿತ್ತು ನೋಡಿ. 240 ಎಕರೆ ತೋಟದಲ್ಲಿ ನಾನು ಎಲ್ಲಿ ನಿಂತರೂ ಯಾರದೋ ಫೋಟೊಗೆ ಅಡ್ಡ. ಸಾಲ್ವಿಯಾ ಹತ್ತಿರ ಹೋದರೆ ಹೊಸ ಜೋಡಿ. ಚೆಂಡುಹೂವಿನ ಹತ್ತಿರ ಹೋದರೆ ಕಂಕುಳ ಕೂಸಿನ ಸಮೇತ ಇಡೀ ಸಂಸಾರ. ಹೂವಿಗೆ ಬೆನ್ನು ಹಾಕಿ ನಿಂತವರಿಗೆ, ಹೂವು ನೋಡುವವನು ಅಡ್ಡ ಬರ್ತಾನಂತೆ. ಇದ್ಯಾವ ನ್ಯಾಯ?

ಗಾಜಿನ ಮನೆಯೊಳಗೆ ಹೂವಿನಲ್ಲೇ ಮಾಡಿದ ಕಟ್ಟಡ. ಗಿಡದಲ್ಲಿ ಸುಖವಾಗಿದ್ದ ಗುಲಾಬಿಯನ್ನು ಲಕ್ಷಗಟ್ಟಲೆ ಕೊಯ್ದು ತಂದು, ಸಾಲಾಗಿ ಚುಚ್ಚಿ, ಇಟ್ಟಿಗೆಯ ಕೆಲಸಕ್ಕೆ ಹಚ್ಚುವುದು ನನಗಂತೂ ಹಿಡಿಸುವುದಿಲ್ಲ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೇ ಅಷ್ಟು ಚೆಂದ ಇದೆ. ಅದರ ಹೊಟ್ಟೆಯಲ್ಲಿ ಇನ್ನೊಂದು ಕಟ್ಟಡ ಯಾಕೆ ಬೇಕೋ! ಇದನ್ನು ಜೋರಾಗಿ ಹೇಳಿದರೆ ಮುದುಕನಾದೆ ಅಂತಾರೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇರಲಿ. ನನ್ನ ಜೊತೆ ಅತ್ತೆ ಇದ್ದಳು. ಅಪ್ಪನ ಅಕ್ಕ, ಸಾಗರದ ಕಡೆಯವಳು, ಎಪ್ಪತ್ತು ದಾಟಿದೆ. ಅವಳ ಬ್ಯಾಗಿನಲ್ಲಿ ಕನ್ನಡಕ, ಬಿಪಿ ಮಾತ್ರೆ, ಒಂದು ಪ್ಲಾಸ್ಟಿಕ್ ಕೊಟ್ಟೆ ಮತ್ತು ಒದ್ದೆ ಬಟ್ಟೆಯ ತುಂಡು. ಒದ್ದೆ ಬಟ್ಟೆ ಯಾಕೆ ಎಂದರೆ "ಬೆವರು ಒರೆಸಿಕೊಳ್ಳೋಕೆ" ಅಂದಳು. ಆಗಸ್ಟ್ ತಿಂಗಳ ಬೆಂಗಳೂರಿನಲ್ಲಿ ಬೆವರು! ಆಗಲೇ ಅನುಮಾನ ಬರಬೇಕಿತ್ತು.

ಅತ್ತೆ ಹೂವು ನೋಡುವ ಕ್ರಮವೇ ಬೇರೆ. ಡೇರೆ ಹೂವಿನ ಸಾಲನ್ನು ಎರಡು ನಿಮಿಷದಲ್ಲಿ ಮುಗಿಸಿದಳು. "ನಮ್ಮಲ್ಲಿ ಇದಕ್ಕಿಂತ ದೊಡ್ಡದು ಬಿಡ್ತದೆ." ಆರ್ಕಿಡ್ ನೋಡಿ, "ಇದು ನಮ್ಮ ಹಲಸಿನ ಮರದ ಮೇಲೇ ಇದೆ." ಆಮೇಲೆ ಜನ ಕಡಿಮೆ ಇದ್ದ ಒಂದು ದಾರಿಯಲ್ಲಿ ಗಕ್ಕನೆ ನಿಂತಳು. ದಾಸವಾಳ. ಹಳದಿ ಎಸಳು, ನಡುವೆ ಕಡುಗೆಂಪು. ಅತ್ತೆ ಹೂವು ನೋಡಲಿಲ್ಲ. ಗೆಣ್ಣು ನೋಡಿದಳು.

"ಮಾರಾಯ, ಸ್ವಲ್ಪ ಅಡ್ಡ ನಿಂತ್ಕೋ."

ಬೆಳಗ್ಗೆಯಿಂದ ಮೊದಲ ಸಲ ಒಬ್ಬರಿಗೆ ನಾನು ಅಡ್ಡ ನಿಲ್ಲುವುದು ಬೇಕಾಗಿತ್ತು.

"ಅತ್ತೆ, ಬೇಡ. ಇದು ಸರ್ಕಾರದ್ದು."

"ನೀನೇ ಹೇಳಿದ್ಯಲ್ಲ, ಟಿಪ್ಪು ಎಲ್ಲೆಲ್ಲಿಂದಲೋ ತರಿಸಿದ ಅಂತ. ನಾನು ಸಾಗರಕ್ಕೆ ಒಯ್ದರೆ ತಪ್ಪಾ?"

ತಪ್ಪು ನನ್ನದೇ. 1760ರಲ್ಲಿ ಹೈದರಾಲಿ ತೋಟ ಶುರು ಮಾಡಿದ್ದು, ಟಿಪ್ಪು ಪರ್ಷಿಯಾ, ಟರ್ಕಿ, ಮಾರಿಷಸ್‌ನಿಂದ ಗಿಡ ತರಿಸಿದ್ದು ಎಲ್ಲ ಮೆಟ್ರೋದಲ್ಲಿ ಬರುವಾಗ ಜಾಣತನ ತೋರಿಸಲು ನಾನೇ ಒದರಿದ್ದೆ. ಅವಳ ಹತ್ತಿರ ಇನ್ನೊಂದು ಶಾಸ್ತ್ರವೂ ಇತ್ತು: ಕೇಳಿ ತಂದ ಗಿಡ ಸಾಯ್ತದೆ, ಕದ್ದು ತಂದದ್ದು ಬದುಕ್ತದೆ. ಅವಳ ಹಿತ್ತಿಲು ನೋಡಿದವರು ಇದನ್ನು ಸುಳ್ಳು ಅನ್ನಲಾರರು.

ಛತ್ರಿ ಬಿಚ್ಚಿ ನಿಂತೆ. ಮಳೆ ಇರಲಿಲ್ಲ. ದೂರದಲ್ಲಿ ಖಾಕಿ ಬಣ್ಣದ್ದೇನೋ ಚಲಿಸಿತು. ಕಾವಲಿನವನಲ್ಲ, ಖಾಕಿ ಪ್ಯಾಂಟಿನ ಯಾರೋ ಅಜ್ಜ. ಅದು ಗೊತ್ತಾಗುವುದರೊಳಗೆ ನನ್ನ ಅಂಗಿ ಒದ್ದೆಯಾಗಿತ್ತು. ಬೆವರು ಒರೆಸುವ ಬಟ್ಟೆ ನೋಡಿದರೆ ಅತ್ತೆಯ ಕೈಯಲ್ಲಿ. ಅಷ್ಟರಲ್ಲಿ ಹಿಂದಿನಿಂದ ಒಂದು ಹುಡುಗಿಯ ದನಿ.

"ಅಂಕಲ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ?"

ಹನ್ನೆರಡನೆಯದು.

"ಆಗಲ್ಲಮ್ಮ" ಅಂದೆ. ಎಂಥ ಸುಖ ಗೊತ್ತಾ! ಅವಳು ಗೊಣಗುತ್ತಾ ಹೋದಳು. ನನ್ನ ಬೆನ್ನ ಹಿಂದೆ ಚಟ್ ಎಂದು ಸದ್ದಾಯಿತು. ಇಡೀ ಗಾಜಿನ ಮನೆ ಒಡೆದ ಹಾಗೆ ನನಗೆ ಕೇಳಿಸಿತು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು, "ಎಷ್ಟು ಹೊತ್ತು ನಿಲ್ತೀಯ, ನಡಿ" ಅಂದಳು.

ಸುಸ್ತಾಗಿ ಬಂಡೆ ಹತ್ತಿ ಕೂತೆವು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ತುದಿಯಲ್ಲಿ ಕೆಂಪೇಗೌಡರ ಗೋಪುರ. ಬೆಂಗಳೂರು ಇಲ್ಲಿಯವರೆಗೆ ಬೆಳೆದೀತು ಎಂದು ಗುರುತು ಹಾಕಿದ ನಾಲ್ಕು ಗೋಪುರಗಳಲ್ಲಿ ಒಂದು ಅಂತಾರೆ. ಅಂದರೆ ಇದು ಊರಿನ ಅಂಚು. ಈಗ ಇಲ್ಲಿಂದ ಯಾವ ದಿಕ್ಕಿಗೆ ನೋಡಿದರೂ ಊರೇ. ಅತ್ತೆಗೆ ಅದನ್ನೂ ಹೇಳಿದೆ.

"ಚಪ್ಪರ ಮುಗೀತು ಅಂತ ಬಳ್ಳಿ ನಿಲ್ತದಾ?" ಅಂದಳು, ಕೊಟ್ಟೆಯೊಳಗೆ ನೀರು ಚಿಮುಕಿಸುತ್ತಾ.

ಊರು, ಅಂಚು, ಬಳ್ಳಿ... ಏನೋ ದೊಡ್ಡ ವಿಚಾರ ಹೊಳೆಯುವುದರಲ್ಲಿತ್ತು. ಅಷ್ಟರಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಬೇಕು ಅಂದಳು. ಎದ್ದು ಹೋದೆ. ವಿಚಾರ ಅಲ್ಲೇ ಬಂಡೆಯ ಮೇಲೆ ಉಳಿಯಿತು.

ಡಿಸೆಂಬರಿನಲ್ಲಿ ಫೋನು ಬಂತು.

"ಕಡ್ಡಿ ಬದುಕ್ತು. ಹೂವೂ ಬಿಡ್ತು."

"ಹಳದಿನಾ?"

"ಹಳದಿನೇ. ನಮ್ಮ ಬಾವಿಕಟ್ಟೆ ಹತ್ರ ಇದ್ಯಲ್ಲ, ಅದೇ ಜಾತಿ."

"ಮತ್ತೆ ಅದನ್ನ ಎಲ್ಲಿಂದ ತಂದಿದ್ದೆ?"

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಜನವರಿ ಪ್ರದರ್ಶನಕ್ಕೆ ಬರ್ತೀನಿ" ಅಂದಳು. "ಛತ್ರಿ ಮರೀಬೇಡ."